ಯಾರೋ ಆರಿಸಿದ ಮುಖ

ನಮ್ಮ ಬಡಾವಣೆಯ ಕನ್ನಡಕದ ಅಂಗಡಿಯಲ್ಲಿ ಕಣ್ಣು ಪರೀಕ್ಷೆಗೆ ಬೇಕಾದ ಆರು ಮೀಟರು ಜಾಗವಿಲ್ಲ. 1862ರಲ್ಲಿ ಅಕ್ಷರಗಳ ಪಟ್ಟಿ ರಚಿಸಿದ ಹಾಲೆಂಡಿನ ವೈದ್ಯ ಸ್ನೆಲೆನ್‌ಗೆ ಮೈಸೂರಿನ ಮಳಿಗೆ ಬಾಡಿಗೆಯ ಚಿಂತೆ ಎಲ್ಲಿಂದ ಬರಬೇಕು? ಅಂಗಡಿಯ ಸಾಹೇಬರು ಅಕ್ಷರಗಳನ್ನು ತಿರುಗುಮುರುಗಾಗಿ ಅಚ್ಚು ಹಾಕಿದ ಪಟ್ಟಿಯೊಂದನ್ನು ನಮ್ಮ ತಲೆಯ ಹಿಂದೆ ನೇತುಹಾಕಿ, ಎದುರು ಗೋಡೆಗೆ ಕನ್ನಡಿ ಬಡಿದಿದ್ದಾರೆ. ಮೂರು ಮೀಟರು ಹೋಗಿ ಮೂರು ಮೀಟರು ಬಂದರೆ ಲೆಕ್ಕ ಸರಿ.

ಭಾರದ ಗುಂಡು ಚೌಕಟ್ಟನ್ನು ಮೂಗಿಗೇರಿಸಿ, ಗಾಜು ಹಾಕಿ ತೆಗೆದು, “ಇದರಲ್ಲಿ ಚೆನ್ನಾಗಿದೆಯೋ, ಇದರಲ್ಲೋ?” ಎನ್ನುತ್ತಾರೆ. ಎರಡೂ ಒಂದೇ ಎನ್ನಲು ನನಗೆ ಸಂಕೋಚ. ಪರೀಕ್ಷೆ ಎಂದಮೇಲೆ ಪಾಸಾಗಬೇಕಲ್ಲ! ಕೊನೆಯ ಸಾಲನ್ನು ಪಟಪಟ ಒಪ್ಪಿಸಿದರೆ, “ಕಂಡದ್ದು ಹೇಳಿ ಸಾರ್, ಬಾಯಿಪಾಠ ಬೇಡ” ಎಂದು ನಗುತ್ತಾರೆ.

ನಿಜವಾದ ಪೇಚು ಫ್ರೇಮು ಆರಿಸುವಾಗ. ಹೊಸದು ಹಾಕಬೇಕಾದರೆ ಹಳೆಯದು ತೆಗೆಯಬೇಕು. ತೆಗೆದರೆ ಕನ್ನಡಿಯಲ್ಲಿರುವವರು ಯಾರೆಂದೇ ತಿಳಿಯದು. ನನ್ನದು ಮೈನಸ್ ನಾಲ್ಕು. ಅಂದರೆ 25 ಸೆಂಟಿಮೀಟರು ದಾಟಿದ ಲೋಕವೆಲ್ಲ ಮಂಜು. ಕನ್ನಡಿಯೊಳಗಿನ ಮುಖ ನಾನು ಮುಂದೆ ನಿಂತಷ್ಟೇ ಹಿಂದಕ್ಕೆ ನಿಂತಿರುವುದರಿಂದ, ಅದನ್ನು ಕಾಣಲು ಅರ್ಧ ಗೇಣಿನಷ್ಟು ಹತ್ತಿರ ಹೋಗಬೇಕು. ಅಲ್ಲಿಗೆ ಹೋದರೆ ಕಾಣುವುದು ಮೂಗು ಮಾತ್ರ.

ಹಾಗಾಗಿ ನನ್ನ ಮುಖವನ್ನು ಯಾವಾಗಲೂ ಬೇರೆಯವರೇ ಆರಿಸಿದ್ದಾರೆ. ಹೈಸ್ಕೂಲಿನ ಗ್ರೂಪ್ ಫೋಟೊದ ದಪ್ಪ ಕಂದು ಫ್ರೇಮು, “ಬಾಳಿಕೆ ಬರುತ್ತೆ” ಎಂದು ಅಮ್ಮ ಆರಿಸಿದ್ದು. ನಿಜಕ್ಕೂ ಬಾಳಿಕೆ ಬಂತು: ಬೀರುವಿನಲ್ಲಿ ಅದು ಇದೆ, ಅಮ್ಮ ಇಲ್ಲ. ಮದುವೆ ಆಲ್ಬಮ್ಮಿನ ಚಿನ್ನದ ಬಣ್ಣದ್ದು ಸಾಹೇಬರ ಆಯ್ಕೆ. ಆಮೇಲಿನವೆಲ್ಲ ಹೆಂಡತಿ ಮತ್ತು ಸಾಹೇಬರು ನನ್ನ ತಲೆಯ ಮೇಲಿಂದ ಮಾತಾಡಿಕೊಂಡು ತೀರ್ಮಾನಿಸಿದವು. ದುಬಾರಿ ಫ್ರೇಮಿಗೆ ನಾನೇ ಆಸೆಪಟ್ಟರೂ, “ಬೇಡ ಸಾರ್, ಇದು ನಿಮಗಲ್ಲ” ಎಂದು ಕಿತ್ತಿಡುತ್ತಿದ್ದರು. ವ್ಯಾಪಾರ ಕಳೆದುಕೊಳ್ಳುವುದರಲ್ಲಿ ಅವರಿಗೆ ಅದೇನು ಉತ್ಸಾಹವೋ!

ನನ್ನ ಎಡಗಿವಿ ಬಲಗಿವಿಗಿಂತ ತುಸು ಮೇಲಿದೆ ಎಂಬುದು ಹೆತ್ತವಳಿಗೂ ಗೊತ್ತಿರಲಿಲ್ಲ, ಸಾಹೇಬರಿಗೆ ಗೊತ್ತು. ಅದಕ್ಕೆ ತಕ್ಕಂತೆ ಕಡ್ಡಿಯನ್ನು ಬಿಸಿ ಮಾಡಿ ಬಗ್ಗಿಸಿ, ಕಿವಿಗೇರಿಸಿ, ದೂರ ನಿಂತು ನೋಡಿ, “ಚೆನ್ನಾಗಿ ಕೂತಿದೆ ಸಾರ್” ಎನ್ನುತ್ತಾರೆ. ಸ್ಕ್ರೂ ಬಿದ್ದುಹೋದರೆ ಹೊಸದು ಹಾಕಿ, “ಇದಕ್ಕೆಂಥ ದುಡ್ಡು ಸಾರ್” ಎಂದು ಕೈಯಾಡಿಸಿಬಿಡುತ್ತಾರೆ. ಈಚೆಗೆ ಆ ಎಳ್ಳಿನಷ್ಟು ಸ್ಕ್ರೂವನ್ನು ಹುಡುಕಲು ಅವರೂ ಕನ್ನಡಕವನ್ನು ಹಣೆಗೇರಿಸುತ್ತಾರೆ. ಸಂಜೆ ಬೇಗ ಬಾಗಿಲು ಹಾಕುತ್ತಾರೆ.

ಮಗ ಮೊನ್ನೆ, “ಅಪ್ಪಾ, ಈಗೆಲ್ಲ ಫೋನಲ್ಲೇ ನೋಡಬಹುದು” ಎಂದು ನನ್ನ ಬರಿಮುಖದ ಫೋಟೊ ತೆಗೆದು, ಅದಕ್ಕೆ ಒಂದೊಂದೇ ಫ್ರೇಮು ತೊಡಿಸಿದ. ಕನ್ನಡಕ ಹಾಕಿಕೊಂಡೇ ಕನ್ನಡಕ ಆರಿಸುವ ಭಾಗ್ಯ ಕೊನೆಗೂ ಕೂಡಿಬಂದಿತ್ತು. ದುಂಡನೆಯದು, ಚೌಕದ್ದು, ಕಪ್ಪು, ನೀಲಿ... ಎಲ್ಲವೂ ಸೊಗಸಾಗಿದ್ದವು, ಯಾವುದೂ ಒಪ್ಪುತ್ತಿರಲಿಲ್ಲ. ಇಷ್ಟು ವರ್ಷ ಸಾಹೇಬರು ಹೊಗಳುತ್ತಿದ್ದದ್ದು ಬರೀ ಫ್ರೇಮನ್ನು ಎಂಬುದು ಆಗ ನನಗೆ ಸ್ಪಷ್ಟವಾಗಿ ಕಂಡಿತು.