ಇಲಿಗೊಂದು ಎಡೆ

ವಂದನಾರ್ಪಣೆ ಶುರುವಾಯಿತೆಂದರೆ ಸಭಿಕರು ಚಪ್ಪಲಿ ಹುಡುಕಲು ತೊಡಗುತ್ತಾರೆ. ಸಾಗರ ಸೀಮೆಯಲ್ಲಿ ನಾನು ಹೈಸ್ಕೂಲ್ ಮೇಷ್ಟರಾಗಿದ್ದಷ್ಟು ಕಾಲವೂ ಈ ಕೆಲಸ ನನ್ನ ಪಾಲಿಗೇ ಬರುತ್ತಿತ್ತು. ಪ್ರಾರ್ಥನೆಗೆ ಹಾಡಲು ಬರಬೇಕು, ನಿರೂಪಣೆಗೆ ಕಂಠ ಇರಬೇಕು, ಪ್ರಾಸ್ತಾವಿಕಕ್ಕೆ ಹೆಡ್ಮಾಸ್ತರೇ ಆಗಬೇಕು. ವಂದನಾರ್ಪಣೆಗೆ ಮಾತ್ರ ಯಾವ ಅರ್ಹತೆಯೂ ಬೇಡ, ಕೊನೆಯವರೆಗೆ ಕೂತಿರುವ ತಾಳ್ಮೆಯೊಂದಿದ್ದರೆ ಸಾಕು. ಶಾಮಿಯಾನದವರು, ಹಾರ ತಂದವರು, ಉಪ್ಪಿಟ್ಟು ಮಾಡಿದವರು, ಪ್ರತ್ಯಕ್ಷವಾಗಿಯೂ ಪರೋಕ್ಷವಾಗಿಯೂ ಸಹಕರಿಸಿದ ಸರ್ವರೂ. ಒಂದು ವಾರ್ಷಿಕೋತ್ಸವದಲ್ಲಿ ನಾನು ಮೈಕ್ ಸೆಟ್ಟಿನವನಿಗೆ ವಂದಿಸುತ್ತಿದ್ದ ಹೊತ್ತಿಗೆ ಆತ ವೈರು ಸುತ್ತಲು ಶುರು ಮಾಡಿಯಾಗಿತ್ತು.

ಹೀಗಾಗಿ, ದಸರಾ ರಜೆಗೆ ಬೆಂಗಳೂರಿನಿಂದ ಬಂದಿದ್ದ ತಂಗಿಯ ಮೊಮ್ಮಗಳು ತನ್ನ ಹೋಂವರ್ಕು ತೋರಿಸಿದಾಗ ನನಗೆ ವೃತ್ತಿಬಾಂಧವ್ಯದ ಸಂತೋಷವೇ ಆಯಿತು. ಕಿತ್ತಳೆ ಬಣ್ಣದ ಕಾಗದದಲ್ಲಿ ಮೇಪಲ್ ಎಲೆಗಳನ್ನು ಕತ್ತರಿಸಬೇಕು. ಒಂದೊಂದರ ಮೇಲೆ ನೀವು ಯಾರಿಗೆ, ಯಾವುದಕ್ಕೆ ಕೃತಜ್ಞರು ಎಂದು ಬರೆಯಬೇಕು. ಎಲ್ಲವನ್ನೂ ಒಂದು ಒಣ ಕೊಂಬೆಗೆ ನೇತುಹಾಕಬೇಕು. ಮಕ್ಕಳಲ್ಲಿ ಸಾವಧಾನ ಬೆಳೆಸುವ ಶರತ್ಕಾಲದ ಚಟುವಟಿಕೆಯಂತೆ. ಹುಡುಗಿ ಅಪ್ಪ, ಅಮ್ಮ, ಕ್ಲಾಸ್ ಟೀಚರ್, ವ್ಯಾನ್ ಡ್ರೈವರ್ ಎಂದು ಕ್ರಮವಾಗಿ ಬರೆದಿದ್ದಳು. ಪಕ್ಕಾ ವಂದನಾರ್ಪಣೆ. ಮೈಕ್ ಸೆಟ್ಟಿನವನೊಬ್ಬ ಬಿಟ್ಟುಹೋಗಿದ್ದ.

ನನ್ನ ತಕರಾರು ಇದ್ದದ್ದು ಎಲೆಯ ಬಗ್ಗೆ. ಮೇಪಲ್ ಮರವನ್ನು ಅವಳೂ ಕಂಡಿಲ್ಲ, ನಾನೂ ಕಂಡಿಲ್ಲ. ನಮ್ಮಲ್ಲಿ ಅಕ್ಟೋಬರ್ ಎಂದರೆ ಎಲೆ ಉದುರುವ ಕಾಲವಲ್ಲ. ಮಳೆ ಹಿಂದೆಗೆದು, ಗದ್ದೆ ಹಸಿರೇರಿ, ಭತ್ತ ಹೊಡೆ ಹಾಯ್ದು ಹಾಲುಗಾಳು ಕಟ್ಟುವ ಕಾಲ. ಮಲೆನಾಡಿನವರು ಈ ಹೊತ್ತಿನಲ್ಲಿ ಭೂಮಿಯನ್ನು ಬಸುರಿ ಎನ್ನುತ್ತಾರೆ. ಆಶ್ವಯುಜದ ಹುಣ್ಣಿಮೆಯ ದಿನ ಅವಳಿಗೆ ಸೀಮಂತ ಮಾಡುತ್ತಾರೆ, ಬಯಕೆಯ ಊಟ ಬಡಿಸುತ್ತಾರೆ. ಅದೇ ಭೂಮಿ ಹುಣ್ಣಿಮೆ. ಬಯಲುಸೀಮೆಯವರಿಗೆ ಸೀಗಿ ಹುಣ್ಣಿಮೆ. ಆ ಊಟವನ್ನು ಗದ್ದೆಗೆ ಹೊತ್ತೊಯ್ಯಲು ನಮ್ಮ ದೀವರ ಮನೆಗಳಲ್ಲಿ ಒಂದು ಬುಟ್ಟಿ ಸಿಂಗಾರವಾಗುತ್ತದೆ: ಭೂಮಣ್ಣಿ ಬುಟ್ಟಿ. ಅದರ ಜೊತೆಗೆ ಅದರ ಮಗಳೋ ಎಂಬ ಹಾಗೆ ಇನ್ನೊಂದು ಪುಟ್ಟ ಬುಟ್ಟಿ.

"ಕತ್ತರಿ ಕೆಳಗಿಡು. ಸಗಣಿ ಮುಟ್ಟುತ್ತೀಯಾ?" ಎಂದು ಕೇಳಿದೆ. ಮುಟ್ಟಿದಳು. ಸಂಜೆಯೊಳಗೆ ಕೇರಿಯ ನಾಲ್ಕಾರು ಮಕ್ಕಳೂ ಬಂದು ಸೇರಿದವು. ಸಗಣಿಗೆ ಅಂಥ ಆಕರ್ಷಣೆಯಿದೆ.

ವಿಜಯದಶಮಿಯ ಆಸುಪಾಸಿನಲ್ಲಿ ಬುಟ್ಟಿಗೆ ಸಗಣಿ ಸಾರಿಸಿದರೆ ಬಿದಿರಿನ ಸಂದುಗಳೆಲ್ಲ ಮುಚ್ಚಿಕೊಳ್ಳುತ್ತವೆ. ಒಣಗಿದ ಮೇಲೆ ಕೆಮ್ಮಣ್ಣು ಬಳಿಯಬೇಕು. ಅದೂ ಒಣಗಬೇಕು. ಆಮೇಲೆ ನೆನೆಸಿದ ಅಕ್ಕಿಯನ್ನು ನುಣ್ಣಗೆ ಅರೆದ ಬಿಳಿ. ಕಪ್ಪು ಬೇಕಿದ್ದರೆ ಅಕ್ಕಿಯನ್ನೇ ಕರಿಕಾಗುವಷ್ಟು ಹುರಿದು ಅರೆಯುವುದು, ಹಳದಿಗೆ ಗುರಿಗೆ ಕಾಯಿ. ಪುಂಡಿ ನಾರಿನ ತುದಿ ಜಜ್ಜಿದರೆ ಕುಂಚ. ಮದುವೆ ಮನೆಯ ಗೋಡೆಯ ಮೇಲೆ ಹಸೆ ಚಿತ್ತಾರ ಬರೆಯುವ ಕೈಗಳೇ ಈ ಬುಟ್ಟಿಯನ್ನೂ ಬರೆಯುತ್ತವೆ, ಅದೇ ನಿಲಿ, ಅದೇ ಏಣಿ, ಅದೇ ಜೋಗಿ ಜಡೆ. ಗೋಡೆ ಚಪ್ಪಟೆ, ಬುಟ್ಟಿ ಗುಂಡಗೆ, ಅಷ್ಟೇ ವ್ಯತ್ಯಾಸ ಎಂದು ಅಮ್ಮ ಹೇಳುತ್ತಿದ್ದಳು. ಅಷ್ಟೇ ಅಲ್ಲ ಎಂಬುದು ಒಂದು ಗೆರೆ ಎಳೆದು ಸುತ್ತು ಬಂದು ಹೊರಟ ಜಾಗಕ್ಕೇ ಸೇರಿಸಲು ಹೊರಟವರಿಗೆ ಗೊತ್ತಾಗುತ್ತದೆ. ಹೊರಟ ತುದಿ ಒಂದು ಕಡೆ, ಬಂದ ತುದಿ ಒಂದು ಕಡೆ.

ಅಕ್ಕಿ ಹಿಟ್ಟಿನ ಗೆರೆಗೆ ಒಂದು ಗುಣವಿದೆ. ಬರೆಯುವಾಗ ಅದು ಸರಿಯಾಗಿ ಕಾಣುವುದಿಲ್ಲ. ಕೆಮ್ಮಣ್ಣಿನ ಬಣ್ಣದೊಳಗೆ ನೀರು ಸವರಿದಂತಿರುತ್ತದೆ. ಒಣಗುತ್ತ ಬಂದ ಹಾಗೆ ನಿಧಾನವಾಗಿ ಬೆಳ್ಳಗೆ ಮೇಲೆದ್ದು ಬರುತ್ತದೆ. ಕಾಣಲಿಲ್ಲವೆಂದು ಮೇಲಿಂದ ಮೇಲೆ ತಿದ್ದಿದವರ ಗೆರೆ ಒಣಗಿದಾಗ ಹಗ್ಗದಷ್ಟು ದಪ್ಪ. ಮೊದಲ ದಿನ ಎಲ್ಲ ಮಕ್ಕಳೂ ಹಗ್ಗವನ್ನೇ ಬರೆದವು. ಅಕ್ರಿಲಿಕ್ ತರೋಣ ಎಂದ ಒಬ್ಬ. ಬೇಗ ಒಣಗುತ್ತದೆ, ಆಗಲೇ ಕಾಣುತ್ತದೆ. ಅವನು ಹೇಳಿದ್ದು ನಿಜ. ಮೇಳಗಳಲ್ಲಿ ಮಾರುವ ಎಷ್ಟೋ ಬುಟ್ಟಿಗಳಿಗೆ ಈಗ ಅಂಗಡಿಯ ಬಣ್ಣವೇ. ಗೋಡೆಗೆ ನೇತುಹಾಕುವ ಬುಟ್ಟಿ ಹತ್ತು ವರ್ಷ ಬಾಳಬೇಕಲ್ಲ, ಅವರನ್ನು ನಾನು ದೂರುವುದಿಲ್ಲ. ನಮ್ಮ ಮನೆಯ ಬುಟ್ಟಿ ಮಾತ್ರ ಬಾಳಬೇಕಾದ್ದು ಹುಣ್ಣಿಮೆಯವರೆಗೆ. ಆಮೇಲೆ ಅದರಲ್ಲಿ ಭತ್ತ, ಹುರುಳಿ, ಬೆಕ್ಕಿನ ಮರಿ, ಏನು ಬೇಕಾದರೂ. ಮುಂದಿನ ದಸರೆಗೆ ಹಳೆಯ ಚಿತ್ತಾರದ ಮೇಲೆಯೇ ಮತ್ತೆ ಸಗಣಿ. ಅಮ್ಮ ಬರೆದ ಒಂದು ಬುಟ್ಟಿಯಾದರೂ ಉಳಿದಿಲ್ಲವೇ ಎಂದು ಯಾರೋ ಸಂಶೋಧಕರು ಕೇಳಿದ್ದರು. ಬುಟ್ಟಿಗಳೇನೋ ಇವೆ, ಚಿತ್ತಾರ ಕೆಳಗಿನ ಪದರದಲ್ಲಿದೆ ಎಂದೆ.

ಎರಡನೆಯ ಸಂಜೆಯಿಂದ ಮಕ್ಕಳು ತಾವಾಗಿಯೇ ಕಾಯಲು ಶುರು ಮಾಡಿದರು. ಒಂದು ಗೆರೆ ಎಳೆಯುವುದು, ಬುಟ್ಟಿಯನ್ನು ಪಕ್ಕದವರಿಗೆ ತಿರುಗಿಸುವುದು, ತನ್ನದು ಬೆಳ್ಳಗಾಗುವವರೆಗೆ ಬೇರೆಯವರ ಗೆರೆ ನೋಡುವುದು. ಒಬ್ಬ ಭತ್ತದ ಸಸಿಗಳ ಸಾಲಿನ ನಡುವೆ ಸರ್ಕಾರಿ ಬಸ್ಸು ಬರೆದ. ತಂಗಿ ಆಕ್ಷೇಪಿಸಿದಳು. ಗದ್ದೆಗೆ ನಾವು ಬಸ್ಸಿನಲ್ಲೇ ಹೋಗುವುದಲ್ಲವೇ ಎಂದು ನಾನು ಬಸ್ಸಿನ ಪರ ನಿಂತೆ.

ಬುಟ್ಟಿ ಯಾರು ಹೆಣೆದದ್ದು ಎಂಬ ಪ್ರಶ್ನೆ ಬಂತು. ಮೇದಾರರು. ಬಿದಿರು ಸೀಳುವಾಗ ಅವರ ಹೆಬ್ಬೆರಳಿನ ಪಕ್ಕ ಆಗುವ ಗಾಯದ ಗುರುತನ್ನು ತಂಗಿ ವಿವರಿಸಿದಳು. ಅದಾದ ಮೇಲೆ, ಗದ್ದೆ ಯಾರದು ಎಂದು ಹುಡುಗಿ ಕೇಳಿದಳು. ಈಗ ತಮ್ಮನದು. ಮೊದಲು? ಮೊದಲು ನಮ್ಮದಾಗಿರಲಿಲ್ಲ.

ಇಲ್ಲಿಂದ ಮುಂದಿನದು ಕಾಗದದ ಎಲೆಯ ಮೇಲೆ ಹಿಡಿಸುವ ವಿಷಯವಲ್ಲ. ನಮ್ಮಜ್ಜ ಗೇಣಿದಾರ. ಉತ್ತು ಬಿತ್ತಿ ಬೆಳೆದ ಭತ್ತದಲ್ಲಿ ಗೇಣಿಯ ಪಾಲನ್ನು ಒಡೆಯರ ಅಂಗಳದಲ್ಲಿ ಕೊಳಗದಲ್ಲಿ ಅಳೆದು ಕೊಡಬೇಕಿತ್ತು. ಒಡೆಯರು ಗೇಣಿ ತೆಗೆದುಕೊಳ್ಳುವ ಕೊಳಗ ರೂಢಿಯ ಕೊಳಗಕ್ಕಿಂತ ದೊಡ್ಡದು. ಸಾಗರದ ಸಮೀಪದ ಕಾಗೋಡಿನಲ್ಲಿ ಜಗಳ ಹತ್ತಿದ್ದು ಈ ಕೊಳಗದ ಸುತ್ತಲೇ. ಮೇಷ್ಟರಾಗಿದ್ದ ಹೆಚ್. ಗಣಪತಿಯಪ್ಪನವರು ಗೇಣಿದಾರರನ್ನು ರೈತ ಸಂಘದಲ್ಲಿ ಒಗ್ಗೂಡಿಸಿದರು. 1951ರ ಏಪ್ರಿಲ್‌ನಲ್ಲಿ ಸತ್ಯಾಗ್ರಹ ಆರಂಭವಾಯಿತು. ಒಕ್ಕಲೆಬ್ಬಿಸಿದ ಗದ್ದೆಗಳಿಗೇ ನೇಗಿಲು ಹೊತ್ತು ಇಳಿದವರನ್ನು ಪೊಲೀಸರು ಹಿಡಿದೊಯ್ದರು. ಸಮಾಜವಾದಿ ಪಕ್ಷ ಬೆಂಬಲಕ್ಕೆ ನಿಂತಿತು, ಶಾಂತವೇರಿ ಗೋಪಾಲಗೌಡರು ಮುಂದಾದರು, ಜೂನ್‌ನಲ್ಲಿ ರಾಮಮನೋಹರ ಲೋಹಿಯಾ ಬಂದು ಬಂಧನಕ್ಕೊಳಗಾದರು. ಉಳುವವನಿಗೆ ಹೊಲ ಸಿಕ್ಕಿದ್ದು ದೇವರಾಜ ಅರಸರ ಕಾಲದಲ್ಲಿ, 1974ರ ಮಾರ್ಚ್ 1ರಿಂದ ಜಾರಿಯಾದ ಭೂಸುಧಾರಣಾ ತಿದ್ದುಪಡಿಯಿಂದ. ಅಪ್ಪ 'ಡಿಕ್ಲರೇಷನ್' ಹಾಕಿ, ಭೂನ್ಯಾಯ ಮಂಡಳಿಯ ಮುಂದೆ ಕೈಕಟ್ಟಿ ನಿಂತು, ಪಹಣಿಯಲ್ಲಿ ಹೆಸರು ಬರುವವರೆಗೆ ಸಾಗರಕ್ಕೆ ಓಡಾಡಿದ.

ಅಷ್ಟೂ ವರ್ಷಗಳಲ್ಲಿ ಭೂಮಿ ಹುಣ್ಣಿಮೆ ಒಂದೂ ತಪ್ಪಿರಲಿಲ್ಲ ಎಂದು ಅಜ್ಜಿ ಹೇಳುತ್ತಿದ್ದಳು. 1951ರ ಆ ಶರತ್ಕಾಲದಲ್ಲೂ ಅವಳು ಬುಟ್ಟಿ ಬರೆದಳು, ಅಜ್ಜ ಹೊತ್ತ. ನನ್ನ ಯೋಚನೆ ಅಲ್ಲೇ ಸಿಕ್ಕಿಕೊಂಡಿದೆ. ಚಿಕ್ಕವನಿದ್ದಾಗ ನಾನು ಓದಿದ ಹಾಸ್ಟೆಲ್ಲಿನಲ್ಲಿ ದಾನಿಗಳು ಬಂದರೆ ನಮ್ಮನ್ನು ಸಾಲಾಗಿ ನಿಲ್ಲಿಸಿ, ಕೃತಜ್ಞತೆಯೇ ವಿದ್ಯಾರ್ಥಿಯ ಭೂಷಣ ಎಂದು ಬುದ್ಧಿ ಹೇಳುತ್ತಿದ್ದರು. ಅದರರ್ಥ ಸಾರಿನಲ್ಲಿ ಬೇಳೆ ಕಡಿಮೆ ಎಂದು ದಾನಿಗಳ ಎದುರು ಹೇಳಬಾರದು ಎಂಬುದು ನಮಗೆಲ್ಲ ಗೊತ್ತಿತ್ತು. ಮಕ್ಕಳಿಗೆ ಕೃತಜ್ಞತೆ ಕಲಿಸುತ್ತೇವೆ ಎನ್ನುವವರನ್ನು ಕಂಡರೆ ಇಂದಿಗೂ ನನಗೆ ಒಳಗೊಳಗೇ ಅನುಮಾನ. ಬಾಯಿ ಮುಚ್ಚಿಸುವ ಸಭ್ಯ ದಾರಿ ಅದು ಆಗಿಬಿಡಬಹುದು. ಅಜ್ಜನ ಮನೆಯಲ್ಲಿ ಹಾಗಿರಲಿಲ್ಲ. ಕೊಳಗ ಹಿಡಿದು ಬಂದವನ ಜೊತೆ ಜಗಳ, ಭತ್ತ ಕೊಟ್ಟ ಮಣ್ಣಿಗೆ ಕಡುಬು. ಒಂದರ ಲೆಕ್ಕವನ್ನು ಇನ್ನೊಂದರಲ್ಲಿ ಬರೆಯಲಿಲ್ಲ. ಗದ್ದೆಯ ಒಡೆಯನಿಗೆ ಆ ಬುಟ್ಟಿಯಲ್ಲಿ ಎಡೆ ಇರಲಿಲ್ಲ, ಗದ್ದೆಗಿತ್ತು. ಇದನ್ನು ಮಕ್ಕಳಿಗೆ ಹೇಳುವಾಗ ಇಷ್ಟೆಲ್ಲ ವ್ಯಾಖ್ಯಾನ ಮಾಡಲಿಲ್ಲ. ಮಾಡಿನ ಮೇಲಿಟ್ಟಿದ್ದ ಹಳೆಯ ಕೊಳಗ ತಂದು ಬುಟ್ಟಿಯ ಪಕ್ಕ ಇಟ್ಟೆ. ಅವು ಕೊಳಗದಲ್ಲಿ ಅಕ್ಕಿ ತುಂಬಿ, ಮತ್ತೆ ಬುಟ್ಟಿಯಲ್ಲಿ ತುಂಬಿ, ಯಾವುದು ದೊಡ್ಡದೆಂದು ಹೊತ್ತು ಕಳೆದವು.

ಹುಣ್ಣಿಮೆಯ ಹಿಂದಿನ ದಿನ ಸೊಪ್ಪಿನ ಬೇಟೆ. ಪುಟ್ಟ ಬುಟ್ಟಿಗೆ ಹೋಗುವುದು ಹಚ್ಚಂಬಲಿ, ಅಂದರೆ ಸಿಕ್ಕಿದ ಕುಡಿಗಳನ್ನೆಲ್ಲ ಕೂಡಿಸಿ ಬೇಯಿಸಿದ್ದು. ನೂರೊಂದು ಕುಡಿ ಇರಬೇಕೆಂಬ ಮಾತಿದೆ, ಎಣಿಸಿದವರನ್ನು ನಾನು ಕಂಡಿಲ್ಲ. ಹರಿವೆ, ಕೆಸು, ಬಸಳೆ, ಒಂದೆಲಗ, ಚಗಟೆ, ಕುಂಬಳದ ಕುಡಿ. ಬೇಲಿ ಸಾಲಿನಲ್ಲಿ ತಂಗಿ ಹೆಸರು ಹೇಳುತ್ತ ನಡೆದಳು, ಮಕ್ಕಳು ಹಿಂದೆ. ಕೆಸುವಿನ ನವೆ ಒಬ್ಬನಿಗೆ ಚೆನ್ನಾಗಿ ಪರಿಚಯವಾಯಿತು. ರಾತ್ರಿಯಿಡೀ ಒಲೆ ಆರಲಿಲ್ಲ: ಕೊಟ್ಟೆ ಕಡುಬು, ಸೌತೆಕಾಯಿ ಕಡುಬು, ಅಮಟೆಕಾಯಿ ಹಾಕಿದ ಪಲ್ಯ. ಇನ್ನೂ ಕತ್ತಲಿರುವಾಗಲೇ ತಮ್ಮ ದೊಂದಿ ಹಿಡಿದು ಹೊರಟ, ಭೂತಾಯಿಯನ್ನು ಊಟಕ್ಕೆ ಎಬ್ಬಿಸುವ ಹಳೆಯ ಕೂಗನ್ನು ಕೂಗುತ್ತ ಗದ್ದೆಯ ಸುತ್ತ ಹಚ್ಚಂಬಲಿ ಬೀರಿದ. ಹಿಂದೆ ಹೋದ ಮಕ್ಕಳಿಗೆ ಕೂಗಲಿಕ್ಕೇ ಅನುಮತಿ ಸಿಕ್ಕಿತ್ತು. ಹಾಗಾಗಿ ಆ ಬೆಳಗ್ಗೆ ಭೂತಾಯಿಯಲ್ಲದೆ ಊರೆಲ್ಲ ಎದ್ದಿತು.

ಬಿಸಿಲೇರುವ ಮೊದಲು ದೊಡ್ಡ ಬುಟ್ಟಿ ಗದ್ದೆ ತಲುಪಿತು. ನಾಲ್ಕು ಬುಡ ಭತ್ತಕ್ಕೆ ರವಿಕೆ ಕಣ, ಬಳೆ, ಹೂವು; ತಂಗಿ ತನ್ನ ಕರಿಮಣಿ ತೆಗೆದು ತೆನೆಗೆ ಹಾಕಿದಳು. ಗುಂಡಿ ತೋಡಿ ಮಣ್ಣೊಳಗೆ ಒಂದು ಎಡೆ ಇಟ್ಟದ್ದಾಯಿತು, ಕಾಗೆಗೊಂದು, ಇಲಿಗೊಂದು.

ಮಕ್ಕಳು ಇಲಿಯ ಹತ್ತಿರ ನಿಂತುಬಿಟ್ಟರು. ಭತ್ತ ಕದಿಯುವ ಇಲಿಗೆ ಕರೆದು ಬಡಿಸುವುದೇಕೆ? ಹೇಗೂ ತಿನ್ನುತ್ತದೆ, ಅದೂ ಇದೇ ಗದ್ದೆಯ ಒಕ್ಕಲು ಎಂದು ತಮ್ಮ ಹೇಳಿದ. ಮೇಷ್ಟರಾಗಿ ನಾನು ಇದಕ್ಕಿಂತ ಉದ್ದನೆಯ ಉತ್ತರ ಕೊಡಬಹುದಿತ್ತು, ಇದಕ್ಕಿಂತ ಒಳ್ಳೆಯದನ್ನಲ್ಲ.

ಹುಡುಗಿ ಸ್ವಲ್ಪ ಹೊತ್ತು ಯೋಚಿಸಿ, "ಹಾಗಿದ್ದರೆ ಮಂಗನಿಗೆ?" ಎಂದಳು.

ಮಲೆನಾಡಿನಲ್ಲಿ ಈಗ ಮಂಗನ ಹೆಸರೆತ್ತಿದರೆ ಎರಡು ಪಕ್ಷಗಳಾಗುತ್ತವೆ. ಬಾಳೆ ಉಳಿಸುವುದಿಲ್ಲ, ತೆಂಗು ಉಳಿಸುವುದಿಲ್ಲ, ಎಳೆ ಅಡಿಕೆ ಚೀಪಿ ಬಿಸಾಡುತ್ತವೆ. ಪಕ್ಕದ ಗದ್ದೆಯಲ್ಲಿ ತಮ್ಮ ಬುಟ್ಟಿ ಇಳಿಸುತ್ತಿದ್ದ ಹಿರಿಯರು ಅಲ್ಲಿಂದಲೇ ಕೂಗಿದರು: "ಇಲಿ ಒಂದು ಕಡುಬಿಗೆ ಸುಮ್ಮನಾಗ್ತದೆ ಕೂಸೆ. ಮಂಗನ್ನ ಕರದ್ರೆ ಸಂಸಾರ ಸಮೇತ ಬರ್ತದೆ." ಬಸ್ಸು ಬರೆದ ಹುಡುಗ, ಇಲಿಗೂ ಸಂಸಾರ ಇರುತ್ತದಲ್ಲ ಎಂದ. ತಂಗಿ ಹುಡುಗಿಯ ಪಕ್ಷ ವಹಿಸಿದಳು, ತಮ್ಮ ಹಿರಿಯರ ಪಕ್ಷ. ಮಕ್ಕಳು ಕೈ ಎತ್ತಿ ಮತ ಹಾಕಿದರು; ಮಂಗ ಒಂದೇ ಮತದಿಂದ ಗೆದ್ದಿತು. ಸೌತೆಕಾಯಿ ಕಡುಬಿನ ಒಂದು ತುಂಡನ್ನು ಬಾಳೆ ಎಲೆಯ ಚೂರಿನ ಮೇಲಿಟ್ಟು, ಗದ್ದೆಯ ಅಂಚಿನ ಹಲಸಿನ ಮರದ ಬುಡಕ್ಕೆ ಒಯ್ದರು. ಹಿರಿಯರು ತಮ್ಮ ಕಡುಬನ್ನು ಎಲೆಯಲ್ಲಿ ಕಟ್ಟಿಕೊಂಡು ನಮ್ಮ ಕಡೆಗೇ ಊಟಕ್ಕೆ ಬಂದು ಕೂತು, ಈ ವರ್ಷ ತಮ್ಮ ತೋಟದಲ್ಲಿ ಹೋದ ಅಡಿಕೆಯ ಲೆಕ್ಕವನ್ನು ಒಂದೊಂದೇ ಮರದಂತೆ ಹುಡುಗಿಗೆ ಹೇಳತೊಡಗಿದರು.