ಅಪ್ಪನ ಎಡೆಯ ಬೀಡಿ

ನಾನು ಸಿಗರೇಟು ಬಿಟ್ಟು ಈ ಕಾರ್ತೀಕಕ್ಕೆ ಮೂರು ವರ್ಷ ಆಯ್ತು. ಹೆಂಗೆ ಬಿಟ್ರಿ ಅಣ್ಣ ಅಂತ ಊರಿನ ಹುಡುಗರು ಆಗಾಗ ಕೇಳುತ್ತಾರೆ. ಮನಸ್ಸು ಮಾಡಿದೆ, ಬಿಟ್ಟೆ ಎಂದು ಹೇಳಿ ಇಷ್ಟು ದಿನ ಜಾರಿಕೊಳ್ಳುತ್ತಿದ್ದೆ. ಅದು ಸುಳ್ಳು. ನಿಜ ಹೇಳೋಕೆ ನಾಚಿಕೆ. ಇವತ್ತು ಬರೆದುಬಿಡುತ್ತೇನೆ.

ಶುರುವಾದದ್ದು ಡಿಗ್ರಿ ಓದುವಾಗ, ಹಾಸ್ಟೆಲ್ ಹಿಂದಿನ ಟೀ ಅಂಗಡಿಯಲ್ಲಿ. ಆಮೇಲೆ ಪತ್ರಿಕೋದ್ಯಮ ಓದಿ ತಾಲ್ಲೂಕಿನ ವರದಿಗಾರನಾದೆ. ಈ ಕೆಲಸದಲ್ಲಿ ಬರೆಯುವುದಕ್ಕಿಂತ ಕಾಯುವುದೇ ಜಾಸ್ತಿ. ಸಭೆ ಶುರುವಾಗಲು ಕಾಯಬೇಕು, ಸಾಹೇಬರು ಬರಲು ಕಾಯಬೇಕು, ಬಸ್ಸಿಗೆ ಕಾಯಬೇಕು. ಕಾದಾಗಲೆಲ್ಲ ಒಂದು ಸಿಗರೇಟು. ದಿನಕ್ಕೆ ಎಂಟು, ಒಂದಕ್ಕೆ ಹತ್ತು ರೂಪಾಯಿ. ವರ್ಷಕ್ಕೆ 29,200 ಆಗುತ್ತೆ ಅಂತ ಒಂದು ಸಲ ಲೆಕ್ಕ ಹಾಕಿದ್ದೆ. ಲೆಕ್ಕ ಹಾಕಿದ್ದು ಸಿಗರೇಟು ಸೇದುತ್ತಲೇ.

ಒಂದು ವರ್ಷ ಮೇ 31ಕ್ಕೆ ವಿಶ್ವ ತಂಬಾಕು ರಹಿತ ದಿನದ ಕಾರ್ಯಕ್ರಮ ಇತ್ತು. 'ತಂಬಾಕಿನಿಂದ ದೂರವಿರಿ: ಯುವಜನರಿಗೆ ಕಿವಿಮಾತು' ಎಂದು ಹೆಡ್ಡಿಂಗ್ ಕೊಟ್ಟು ಸುದ್ದಿ ಕಳಿಸಿದೆ. ಎಲ್ಲಿ ನಿಂತು ಕಳಿಸಿದೆ ಅಂತೀರಿ? ಅದೇ ಭವನದ ಹಿಂದೆ, ಬಾಯಲ್ಲಿ ಸಿಗರೇಟು ಕಚ್ಚಿಕೊಂಡು, ಎರಡು ಕೈಯಲ್ಲೂ ಮೊಬೈಲ್ ಒತ್ತುತ್ತ.

ಅಂದರೆ ನನಗೆ ಗೊತ್ತಿಲ್ಲದ್ದು ಏನೂ ಇರಲಿಲ್ಲ. ಬಿಡಲು ಪ್ರಯತ್ನವನ್ನೂ ಮಾಡಿದ್ದೆ. ಹೊಸ ವರ್ಷಕ್ಕೊಮ್ಮೆ ಬಿಟ್ಟೆ, ನಾಲ್ಕು ದಿನ ನಡೆಯಿತು. ಮಗಳು ಹುಟ್ಟಿದಾಗ ಬಿಟ್ಟೆ, ಇಪ್ಪತ್ತು ದಿನ. ಮನೆದೇವರ ಮುಂದೆ ಕರ್ಪೂರ ಹಚ್ಚಿ ಆಣೆ ಮಾಡಿದೆ. ಆಮೇಲೆ ದೇವರಿಗೆ ತಪ್ಪುಕಾಣಿಕೆ ಹಾಕಿ ಆಣೆ ವಾಪಸ್ ತಗೊಂಡೆ! ಚಟಕ್ಕೆ ಬಿದ್ದವನ ತಲೆ ವಕೀಲರ ತಲೆಗಿಂತ ಚುರುಕು.

ಅಪ್ಪ ಬೀಡಿ ಸೇದುತ್ತಿದ್ದರು. ದಿನಕ್ಕೊಂದು ಕಟ್ಟು, ಕೊಟ್ಟಿಗೆ ಹಿಂದಿನ ಕಲ್ಲಿನ ಮೇಲೆ ಕೂತು. ನಾನು ಅವರ ಮುಂದೆ ಯಾವತ್ತೂ ಸೇದಿದವನಲ್ಲ. ನಾನು ಸೇದೋದು ಅವರಿಗೆ ಗೊತ್ತಿತ್ತು, ಅವರಿಗೆ ಗೊತ್ತು ಅನ್ನೋದು ನನಗೂ ಗೊತ್ತಿತ್ತು. ಆದರೂ ಬಾಯಿಗೆ ಜೀರಿಗೆ ಪೆಪ್ಪರ್‌ಮೆಂಟು ಹಾಕಿಕೊಂಡೇ ಮನೆಗೆ ಬರುತ್ತಿದ್ದೆ. ನಮ್ಮ ಕಡೆ ಮರ್ಯಾದೆ ಅಂದರೆ ಅದೇ.

ಅರವತ್ತೇಳನೇ ವಯಸ್ಸಿಗೆ ಅಪ್ಪನಿಗೆ ಉಸಿರು ಕಟ್ಟತೊಡಗಿತು. ಹೊಲದ ಬದು ಹತ್ತೋಕೆ ಎರಡು ಸಲ ನಿಲ್ಲಬೇಕು. ಡಾಕ್ಟರು ಸಿಓಪಿಡಿ ಅಂದರು. ಶ್ವಾಸನಾಳಗಳು ಕಿರಿದಾಗಿವೆ, ಹಾಳಾದದ್ದು ವಾಪಸ್ ಬರಲ್ಲ, ಬೀಡಿ ನಿಲ್ಲಿಸಿದರೆ ಇನ್ನಷ್ಟು ಹಾಳಾಗೋದು ನಿಧಾನ ಆಗುತ್ತೆ ಅಂತ ಬಿಡಿಸಿ ಹೇಳಿದರು.

ದೊಡ್ಡಾಸ್ಪತ್ರೆಯಲ್ಲಿ ಅಪ್ಪನ ಮೂಗಿಗೆ ಆಕ್ಸಿಜನ್ ಪೈಪು ಹಾಕಿದ್ದರು. ಎರಡನೇ ರಾತ್ರಿ ನಾನು ಗೇಟಿನಾಚೆ ಹೋಗಿ ಒಂದು ಸಿಗರೇಟು ಸೇದಿ, ಬಾಯಿ ತೊಳೆದು ಬಂದು ಪಕ್ಕದಲ್ಲಿ ಕೂತೆ. ಅಪ್ಪ ಕಣ್ಣು ಬಿಟ್ಟರು. ನನ್ನ ಅಂಗಿ ತೋಳು ಹಿಡಿದು ಹತ್ತಿರ ಎಳೆದುಕೊಂಡರು. ಬೈಗುಳ ಬಂತು ಅಂದುಕೊಂಡೆ. ಹದಿನೈದು ವರ್ಷದಿಂದ ಆ ಬೈಗುಳಕ್ಕೆ ನಾನು ತಯಾರಾಗೇ ಇದ್ದೆ.

ಅಪ್ಪ ಬೈಯಲಿಲ್ಲ. ತೋಳನ್ನು ಮೂಗಿನ ಹತ್ರ ತಂದು ಮೂಸಿದರು. "ಯಾವ್ದ್ ಸೇದ್ದೆ ಮಗ?" ಅಂದರು. ಸ್ವಲ್ಪ ಹೊತ್ತು ಬಿಟ್ಟು, "ಒಂದೇ ಒಂದ್ ದಮ್ ಸಿಕ್ಕಿದ್ರೆ ಸಾಕಾಗಿತ್ತು" ಅಂದರು.

ಅಪ್ಪನಿಂದ ನಾನು ಏನನ್ನೂ ಬೇಡಿಸಿಕೊಂಡವನಲ್ಲ. ಅವತ್ತು ಅವರ ಕಣ್ಣು ನೋಡೋಕೆ ಆಗಲಿಲ್ಲ. ಅವರು ಬಿಡಬೇಕು ಅಂತ ಒದ್ದಾಡುತ್ತಿದ್ದರೆ ನಾನು ವಾಸನೆ ತಂದು ಪಕ್ಕದಲ್ಲಿ ಕೂತಿದ್ದೆ. ಅವತ್ತೇ ಬಿಟ್ಟೆ. ಮೊದಲ ಮೂರು ದಿನ ತಲೆಸಿಡಿತ, ಸುಮ್ಮಸುಮ್ಮನೆ ಸಿಟ್ಟು, ನಿದ್ದೆ ಇಲ್ಲ. ಎರಡು ಮೂರು ವಾರಕ್ಕೆ ದೇಹ ತಹಬಂದಿಗೆ ಬಂತು. ಅಪ್ಪ ಮನೆಯಲ್ಲಿ ಆಕ್ಸಿಜನ್ ಮಿಷನ್ ಇಟ್ಟುಕೊಂಡು ಐದು ತಿಂಗಳು ಇದ್ದರು. ಆ ಐದು ತಿಂಗಳು ನಾನು ಒಂದೂ ಮುಟ್ಟಲಿಲ್ಲ. ಗೆದ್ದೆ ಅಂದುಕೊಂಡಿದ್ದೆ.

ಅಪ್ಪ ಹೋದರು. ಹನ್ನೊಂದನೇ ದಿನದ ತಿಥಿಗೆ ನಮ್ಮ ಕಡೆ ಸತ್ತವರಿಗೆ ಇಷ್ಟವಾದದ್ದನ್ನೆಲ್ಲ ಎಡೆ ಇಡ್ತಾರೆ, ಗೊತ್ತಲ್ಲ. ಮುದ್ದೆ, ಕೋಳಿಸಾರು, ಒಡೆ, ಎಲೆಯಡಿಕೆ. ಜೊತೆಗೆ ಒಂದು ಕಟ್ಟು ಬೀಡಿ, ಬೆಂಕಿಪಟ್ಟಣ. ಹೊಲದಲ್ಲಿ ಗುಡ್ಡೆ ಮುಂದೆ ಎಲೆ ಹಾಕಿ ಎಲ್ಲ ಬಡಿಸಿದ ಮೇಲೆ ದೊಡ್ಡಪ್ಪ ನನ್ನ ಕೈಗೆ ಬೀಡಿ ಕೊಟ್ಟರು. "ಹಚ್ಚಿ ಮಡುಗಪ್ಪ. ಹಚ್ದೆ ಮಡುಗಿದ್ರೆ ಅವ್ನು ಹೆಂಗ್ ಸೇದಾನು?"

ಬೀಡಿ ಹತ್ತಬೇಕಾದರೆ ಎಳೆಯಬೇಕು. ಎಳೆದೆ.

ಅಷ್ಟೇ. ಐದು ತಿಂಗಳು ಎಲ್ಲಿ ಮಲಗಿತ್ತೋ, ಎದ್ದು ಕೂತಿತು. ಹೊಗೆಯಲ್ಲಿರುವ ನಿಕೋಟಿನ್ ಮಿದುಳು ಮುಟ್ಟೋಕೆ ಕೆಲವೇ ಸೆಕೆಂಡು ಸಾಕು. ನೆಂಟರೆಲ್ಲ ಊಟ ಮಾಡಿ ಹೋದರು. ಸಂಜೆಯಿಂದ ನನಗೆ ಅದೊಂದೇ ಧ್ಯಾನ. ರಾತ್ರಿ ಹನ್ನೊಂದಕ್ಕೆ ಊರಲ್ಲಿ ಯಾವ ಅಂಗಡಿ ತೆರೆದಿರುತ್ತೆ? ಇಡೀ ಊರಿನಲ್ಲಿ ನನಗೆ ಗೊತ್ತಿದ್ದ ಬೀಡಿ ಕಟ್ಟು ಒಂದೇ.

ಮೊಬೈಲ್ ಟಾರ್ಚು ಹಾಕಿಕೊಂಡು ಹೊಲಕ್ಕೆ ಹೋದೆ. ಎಡೆಯನ್ನು ನಾಯಿಗಳು ತಿಂದು ಎಲೆ ಎಳೆದಾಡಿದ್ದವು. ಕಟ್ಟು ಮಾತ್ರ ಇಟ್ಟಲ್ಲೇ ಇತ್ತು. ಒಂದು ಬೀಡಿ ಬಾಯಿಗಿಟ್ಟುಕೊಂಡೆ. ಬೆಂಕಿಪಟ್ಟಣ ಇಬ್ಬನಿಗೆ ನೆಂದಿತ್ತು. ಒಂದಾದ ಮೇಲೊಂದು ಏಳೆಂಟು ಕಡ್ಡಿ ಗೀರಿದೆ. ಹತ್ತಲಿಲ್ಲ. ಪಟ್ಟಣವನ್ನು ತೊಡೆಗೆ ಉಜ್ಜಿ ಒಣಗಿಸುತ್ತ ಗುಡ್ಡೆ ಮುಂದೆ ಕುಕ್ಕರುಗಾಲಲ್ಲಿ ಕೂತಿದ್ದೆ. ಆಗ ಹೆಂಡತಿ ಫೋನು.

"ಎಲ್ಲಿದ್ದೀರಿ?"

"ಅಪ್ಪನ ಹತ್ರ."

ಅವಳು ಮಾತಾಡಲಿಲ್ಲ. ಆಮೇಲೆ ಅಳುವುದು ಕೇಳಿಸಿತು. "ಸಮಾಧಾನ ಮಾಡ್ಕೊಳ್ಳಿ, ಮನೆಗ್ ಬನ್ನಿ" ಅಂದಳು.

ಸುಳ್ಳು ಯಾಕೆ ಹೇಳಲಿ, ಫೋನು ಇಟ್ಟ ಮೇಲೆ ಕಡ್ಡಿ ಹತ್ತಿತು. ಸೇದಿದೆ.

ಬೆಳಗ್ಗೆ ಜಗಲಿ ಮೇಲೆ ಕೂತಿದ್ದಾಗ ಅವ್ವ ಬಂದು ನನ್ನ ಬೋಳುತಲೆ ಮೇಲೆ ಕೈಯಿಟ್ಟಳು. "ರಾತ್ರಿ ಅಪ್ಪನ್ ನೆನಸ್ಕಂಡು ಗುಡ್ಡೆತಕ್ಕೆ ಹೋಗಿದ್ದಂತೆ. ಅವ್ರ್ ಎಲ್ಲಿಗೂ ಹೋಗಿಲ್ಲ ಕಣ್ ಮಗ" ಅಂದು ತಲೆ ಸವರಿದಳು. ಆ ಕೈ ಅಡಿ ನಾನು ಕೂತಿದ್ದೆನಲ್ಲ, ಅದನ್ನು ಹೇಗೆ ಬರೆಯಬೇಕೋ ಗೊತ್ತಾಗುತ್ತಿಲ್ಲ. ನಾನು ಕದಿಯೋಕೆ ಹೋಗಿದ್ದವನು. ಅವಳು ಸಮಾಧಾನ ಮಾಡುತ್ತಿದ್ದಾಳೆ.

ಸಿಗರೇಟು ಪ್ಯಾಕಿನ ಮೇಲೆ 1800-11-2356 ಅಂತ ಒಂದು ನಂಬರು ಇರುತ್ತದೆ. ತಂಬಾಕು ಬಿಡುವವರಿಗೆ ಸರ್ಕಾರ ಇಟ್ಟಿರುವ ಉಚಿತ ಸಹಾಯವಾಣಿ. ಸಾವಿರ ಸಲ ಪ್ಯಾಕು ಹಿಡಿದಿದ್ದೇನೆ, ಒಮ್ಮೆಯೂ ಒತ್ತಿರಲಿಲ್ಲ. ಎರಡು ದಿನ ಬಿಟ್ಟು ಒತ್ತಿದೆ. ಕನ್ನಡದಲ್ಲೇ ಮಾತಾಡಿದರು. ಯಾಕೆ ಬಿಡಬೇಕು ಅಂತಿದ್ದೀರಿ ಅಂದರು. ಆರೋಗ್ಯ, ಮಗಳು, ದುಡ್ಡು ಅಂತ ಮೇ 31ರ ಭಾಷಣ ಒಪ್ಪಿಸಿದೆ. ಅವರು ಇನ್ನೂ ಕಾಯುತ್ತಿದ್ದರು. ಕೊನೆಗೆ ಗುಡ್ಡೆ ವಿಷಯ ಹೇಳಿಬಿಟ್ಟೆ. ಅವರು ನಗಲಿಲ್ಲ, ಬುದ್ಧಿಯನ್ನೂ ಹೇಳಲಿಲ್ಲ. ಯಾವ ಹೊತ್ತಿಗೆ ಆಸೆ ಬರುತ್ತೆ, ಆಗ ಏನು ಮಾಡ್ತೀರಿ ಅಂತ ಕೇಳಿದರು. ಮುಂದೆ ಅವರೇ ಫೋನು ಮಾಡಿ ವಿಚಾರಿಸಿದರು.

ಆ ಆಸೆ ಒಂದು ಸಲ ಎದ್ದರೆ ಕೆಲವು ನಿಮಿಷ ಇರುತ್ತದೆ, ಆಮೇಲೆ ತಾನೇ ಇಳಿಯುತ್ತದೆ. ಆ ನಿಮಿಷಗಳನ್ನು ದಾಟಿಸೋಕೆ ಒಬ್ಬೊಬ್ಬರಿಗೆ ಒಂದೊಂದು ಬೇಕು. ನನಗೆ ಶ್ವಾಸಕೋಶದ ಚಿತ್ರ ಕೆಲಸ ಮಾಡಲಿಲ್ಲ. ಅಪ್ಪನಿಗಾಗಿ ಬಿಟ್ಟದ್ದು ಅಪ್ಪನ ಜೊತೆಗೇ ಹೋಯಿತು. ಈಗಲೂ ಮಿನಿ ವಿಧಾನಸೌಧದ ಮುಂದೆ ಕಾಯುವಾಗ ಕೈ ಜೇಬಿಗೆ ಹೋಗುತ್ತದೆ. ಆಗ ನೆತ್ತಿ ಮೇಲೆ ಅವ್ವನ ಕೈ ಇದೆ ಅನ್ನಿಸುತ್ತದೆ. ಎದ್ದು ನಲ್ಲಿ ಹತ್ತಿರ ಹೋಗಿ ಮುಖ ತೊಳೆದು ಬರುತ್ತೇನೆ.

ಅವ್ವನಿಗೆ ಇನ್ನೂ ವಿಷಯ ಗೊತ್ತಿಲ್ಲ. ಅವಳು ಮೊಬೈಲ್ ಓದಲ್ಲ. ಓದುವವರು ಯಾರೂ ಹೇಳಬೇಡಿ, ನಾನೇ ಹೇಳುತ್ತೇನೆ.

ಈ ಪಿತೃಪಕ್ಷಕ್ಕೂ ಎಡೆಗೆ ಬೀಡಿ ಕಟ್ಟು ನಾನೇ ತಂದೆ. ಹಚ್ಚೋದು ಮಾತ್ರ ದೊಡ್ಡಪ್ಪನ ಕೆಲಸ. ಅವರು ಒಂದು ದಮ್ ಎಳೆದು ಅಪ್ಪನ ಎಲೆ ಪಕ್ಕ ಇಟ್ಟು ಕೈ ಮುಗಿದರು. ಉಳಿದ ಕಟ್ಟು ಅವರ ಜೇಬಿಗೆ ಹೋಯಿತು.

"ಸುಮ್ನೆ ದಂಡ ಆಯ್ತದೆ ಕಣ್ಲಾ" ಅಂದರು.