ಮುರಕಲ್ಲು ನೋಡಿ ಬೆಳೆದವರ ಆಟ

ಡ್ವಾರ್ಫ್ ಫೋರ್ಟ್ರೆಸ್ ಕಲಿಯಲು ಹೊರಟವರು ಮೊದಲು ನೀರನ್ನು ಅರಿಯಬೇಕು. ಟಾರ್ನ್ ಮತ್ತು ಜ್ಯಾಕ್ ಆಡಮ್ಸ್ ಎಂಬ ಅಣ್ಣತಮ್ಮಂದಿರು 2006ರಲ್ಲಿ ಹೊರತಂದ ಈ ಕಂಪ್ಯೂಟರ್ ಆಟದಲ್ಲಿ ನೆಲ ಅಗೆದು ಕೋಟೆ ಕಟ್ಟುವ ಏಳು ಕುಳ್ಳರು, ಗುಡ್ಡ, ಹೊಳೆ ಎಲ್ಲವೂ ಬರೀ ಅಕ್ಷರ, ಚಿಹ್ನೆಗಳು. (2022ರ ಡಿಸೆಂಬರಿನಲ್ಲಿ ಸ್ಟೀಮ್ ಎಂಬ ಆನ್‌ಲೈನ್ ಅಂಗಡಿಗೆ ಬಂದದ್ದರಲ್ಲಿ ಚಿತ್ರಗಳಿವೆ. ನನಗೆ ಅಕ್ಷರದ್ದೇ ಇಷ್ಟ, ಕಲ್ಪನೆಗೆ ಜಾಗ ಸಿಗುತ್ತದೆ.) ಜಲಪದರವಿರುವ ಕಡೆ ಅಗೆಯುತ್ತಾ ಹೋದರೆ ಕಲ್ಲು ತೇವವಾಗಿದೆ ಎಂಬ ಸೂಚನೆ ಬಂದು ಕೆಲಸವೇ ನಿಲ್ಲುತ್ತದೆ. ಎಷ್ಟೋ ಜನ ಇಲ್ಲಿಗೇ ಆಟ ಬಿಡುತ್ತಾರೆ.

ಹ್ವಾಯ್, ಕುಂದಾಪುರ, ಬೈಂದೂರು, ಬ್ರಹ್ಮಾವರದ ಬದಿಯವರು ಬಿಡಬೇಡಿ! ಬಾವಿ ತೋಡುವುದನ್ನು ನೋಡಿದವರು ನಾವು. ಮೇಲೆ ಗಟ್ಟಿ ಮುರಕಲ್ಲು, ಅದರಡಿ ಮೆತ್ತನೆಯ ಶೇಡಿಮಣ್ಣು, ಸಂದಿಯಲ್ಲಿ ಒರತೆ. ಶೇಡಿ ಕುಸಿಯುತ್ತದೆಂದು ಬಲ್ಲವರು ಒಳಗಿನಿಂದ ಕಟ್ಟಿ ಭದ್ರ ಮಾಡುತ್ತಾರೆ. ಆಟದಲ್ಲೂ ಒರತೆ ಸಣ್ಣದಿದ್ದರೆ ಹಾಗೆಯೇ: ಅಗೆದ ಕೂಡಲೇ ಸುತ್ತ ಗೋಡೆ ಎಬ್ಬಿಸಿ, ಆಮೇಲೆ ಕೆಳಗಿಳಿಯುವುದು. ನೀರು ಎತ್ತ ಹರಿಯುತ್ತದೆ, ಎಲ್ಲಿ ನಿಲ್ಲುತ್ತದೆ ಎಂಬ ಲೆಕ್ಕವನ್ನು ಇಷ್ಟು ಪ್ರಾಮಾಣಿಕವಾಗಿ ಹಾಕುವ ಆಟ ಬೇರೊಂದನ್ನು ನಾನು ಕಂಡಿಲ್ಲ.

ಅಕ್ಷರದ ಆವೃತ್ತಿ ಈಗಲೂ ಉಚಿತ. ಆಸಾಡಿಯ ಮಳೆ ಹಿಡಿದ ಸಂಜೆ ಶುರು ಮಾಡಿ. ಮೊದಲಿಗೆ ಚಿಕ್ಕ ಜಗತ್ತು ಸಾಕು, ಹತ್ತಿರದಲ್ಲೊಂದು ಹೊಳೆ ಇರಲಿ.